ಆ ರಾತ್ರಿ ಜೊತೆಗೆ ಕೂತಿದ್ದ ಅಕ್ಕನಿಗೆ

ಮಗಳು ಇವತ್ತು ಶಾಲೆಗೆ ಹೋದಳು. ಬ್ಯಾಗ್ ಹೆಗಲಿಗೆ ಹಾಕಿಕೊಂಡು, ಗೇಟಿನ ಹತ್ತಿರ ತಿರುಗಿ ಕೈ ಬೀಸಿ ಹೋದಳು. ಅವಳು ಶಾಲೆಗೆ ಹೋಗುವ ದಿನ ಇದನ್ನು ಬರೀತೀನಿ ಅಂತ ಮೂರು ವಾರದಿಂದ ಅಂದುಕೊಂಡಿದ್ದೆ.

ಗೋಕರ್ಣದ ಕಡೆ ಪ್ರವಾಸ ಹೋದಾಗ ಅವಳು ಸಮುದ್ರದ ಸೆಳವಿಗೆ ಸಿಕ್ಕಿದ್ದು ನಿಮ್ಮಲ್ಲಿ ಹೆಚ್ಚಿನವರಿಗೆ ಗೊತ್ತು. ಆಸ್ಪತ್ರೆಯ ವಿಷಯ ಮತ್ತೆ ಹೇಳೋದಿಲ್ಲ. ಆದರೆ ಆ ಪ್ರವಾಸ ಅಂದರೆ ಆ ಒಂದು ಸಂಜೆ ಮಾತ್ರ ಅಂತ ಆಗೋದು ನನಗೆ ಇಷ್ಟ ಇಲ್ಲ. ಅದಕ್ಕೂ ಮುಂಚೆ ನಾಲ್ಕು ದಿನ ನಾವು ತುಂಬಾ ಖುಷಿಯಾಗಿದ್ದೆವು. ಗೋಕರ್ಣದ ಓಂ ಬೀಚಿನಿಂದ ಹಾಫ್ ಮೂನ್ ಬೀಚಿಗೆ ಗುಡ್ಡದ ಕಾಲುದಾರಿಯಲ್ಲಿ ನಡೆದು ಹೋದೆವು. ಮಿರ್ಜಾನ್ ಕೋಟೆ ನೋಡಿದೆವು. ಹೊನ್ನಾವರದಲ್ಲಿ ಶರಾವತಿಯ ಹಿನ್ನೀರಿಗೆ ಅಂಟಿಕೊಂಡ ಕಾಂಡ್ಲಾ (ಮ್ಯಾಂಗ್ರೋವ್) ಕಾಡಿನೊಳಗೆ ಮರದ ಹಲಗೆಯ ದಾರಿಯಲ್ಲಿ ಓಡಾಡಿದೆವು. ಒಂದು ರಾತ್ರಿ ಗದ್ದೆ ಬಯಲಿನಲ್ಲಿ ಯಕ್ಷಗಾನ ಇತ್ತು. ಕೆರೆಮನೆ ಶಿವರಾಮ ಹೆಗಡೆಯವರು 1934ರಲ್ಲಿ ಇಡಗುಂಜಿ ಮೇಳ ಕಟ್ಟಿದ ಸೀಮೆ ಅದು, ಆಟ ಅಂದರೆ ಊರಿಗೆ ಊರೇ ಬಂದು ಕೂರುತ್ತದೆ. ಕಲಾವಿದರು ನಮ್ಮ ಮಗಳನ್ನು ಚೌಕಿಯೊಳಗೆ, ಅಂದರೆ ವೇಷ ಕಟ್ಟುವ ಕೋಣೆಯೊಳಗೆ, ಕೂರಿಸಿಕೊಂಡು ಮುಖಕ್ಕೆ ಬಣ್ಣ ಹಚ್ಚುವುದನ್ನು ತೋರಿಸಿದರು. ಹನ್ನೊಂದು ವರ್ಷದ ಹುಡುಗಿ, ಬೆಳಗಿನ ಜಾವ ಮೂರು ಗಂಟೆವರೆಗೂ ಕಣ್ಣು ಮುಚ್ಚಲಿಲ್ಲ.

ಐದನೇ ದಿನ ಸಂಜೆ ನಾಲ್ಕರ ಹೊತ್ತಿಗೆ ನೀರಿಗೆ ಇಳಿದೆವು. ಎರಡೂ ಕಡೆ ತೆರೆಗಳು ನೊರೆ ಎದ್ದು ಒಡೆಯುತ್ತಿದ್ದವು. ನಡುವೆ ಒಂದು ಕಡೆ ಮಾತ್ರ ನೀರು ಸುಮ್ನೆ ಇತ್ತು. ಮಕ್ಕಳಿಗೆ ಇದೇ ಒಳ್ಳೆಯ ಜಾಗ ಅಂತ ಅಲ್ಲೇ ಇಳಿದೆವು. ದಡಕ್ಕೆ ಬಂದ ನೀರೆಲ್ಲ ಒಟ್ಟಾಗಿ ವಾಪಸ್ ಹೋಗುವ ದಾರಿ ಅದು ಅಂತ ನಮಗೆ ಗೊತ್ತಿರಲಿಲ್ಲ.

ದೋಣಿ ಹತ್ತಿರ ಬಲೆ ಸರಿಮಾಡುತ್ತಿದ್ದ ಇಬ್ಬರು ಹುಡುಗರು ಅಂಗಿ ಕೂಡ ಬಿಚ್ಚದೆ ನೀರಿಗೆ ಹಾರಿದರು. ಮಗಳು ಸಿಕ್ಕ ಮೇಲೆ ಅವರು ಸೀದಾ ದಡದ ಕಡೆ ಬರಲಿಲ್ಲ, ದಡದ ಉದ್ದಕ್ಕೂ ಅಡ್ಡಡ್ಡ ಈಜಿದರು. ನಾನು ದಡದಲ್ಲಿ ನಿಂತು "ಈ ಕಡೆ ಬನ್ನಿ, ಈ ಕಡೆ" ಅಂತ ಕೂಗುತ್ತಾ ಇದ್ದೆ. ಆಮೇಲೆ ಅವರಲ್ಲೊಬ್ಬ ಮರಳಿನ ಮೇಲೆ ಬೆರಳಲ್ಲಿ ಗೆರೆ ಎಳೆದು ವಿವರಿಸಿದ. ಸೆಳವಿಗೆ ಎದುರಾಗಿ ಈಜಿದರೆ ಎಂಥವರೂ ಸುಸ್ತಾಗ್ತಾರೆ. ಮೊದಲು ಪಕ್ಕಕ್ಕೆ ಈಜಿ ಸೆಳವಿನಿಂದ ಹೊರಗೆ ಬರಬೇಕು, ಆಮೇಲೆ ದಡಕ್ಕೆ. ದಯವಿಟ್ಟು ನಿಮ್ಮ ಮಕ್ಕಳಿಗೆ ಇದನ್ನು ಹೇಳಿಕೊಡಿ. ನೀವೂ ನೆನಪಿಟ್ಟುಕೊಳ್ಳಿ.

ಆ ಇಬ್ಬರು ಹುಡುಗರಿಗೆ ನಾವು ಸಾಯುವ ತನಕ ಋಣಿಗಳು. ಕೆಂಪು ದೀಪ ಇಲ್ಲದಿದ್ದರೂ ಆಂಬುಲೆನ್ಸ್ ಥರ ಓಡಿಸಿದ ಆಟೋದವರಿಗೆ, ಡಾಕ್ಟರಿಗೆ, ನರ್ಸ್‌ಗಳಿಗೆ, ರಾತ್ರೋರಾತ್ರಿ ಬಸ್ ಹತ್ತಿ ಬಂದ ನನ್ನ ಮೈದುನನಿಗೆ, ರಜೆ ಬಗ್ಗೆ ಒಂದು ಮಾತೂ ಕೇಳದ ಆಫೀಸಿನವರಿಗೆ, ದಿನಾ ಫೋನ್ ಮಾಡಿದ ನಿಮಗೆಲ್ಲರಿಗೂ ಕೈ ಮುಗಿಯುತ್ತೇನೆ.

ಇನ್ನು ಅಕ್ಕ.

ನಾವು ಉಳಿದುಕೊಂಡಿದ್ದ ಮನೆಯ ಅಕ್ಕ ಅವರು. ನಮಗೂ ಅವರಿಗೂ ಐದು ದಿನದ ಪರಿಚಯ. ನಮ್ಮವರು ಅತ್ತೆ ಮತ್ತು ಚಿಕ್ಕವನ ಜೊತೆ ಮನೆಯಲ್ಲಿ ಉಳಿಯಬೇಕಾಯಿತು, ಆಸ್ಪತ್ರೆಯಲ್ಲಿ ನಾನೊಬ್ಬಳೇ. ರಾತ್ರಿ ಎಂಟರ ಹೊತ್ತಿಗೆ ಅಕ್ಕ ಯಾರದೋ ಸ್ಕೂಟರ್ ಹತ್ತಿ ಬಂದರು. ಒಂದು ಸ್ಟೀಲ್ ಡಬ್ಬಿಯಲ್ಲಿ ಗಂಜಿ, ಕಂಕುಳಲ್ಲಿ ಒಂದು ಹಳೆಯ ಚಾದರ. ಬಂದವರೇ ಮಗುವಿಗೆ ಹೊದಿಸಿದರು. "ನೀವು ಹೋಗಿ ಅಕ್ಕಾ, ಲೇಟಾಯ್ತು" ಅಂದೆ. "ಹೋಗ್ತೆ, ಹೋಗ್ತೆ" ಅಂದರು. ಹೋಗಲಿಲ್ಲ.

ರಾತ್ರಿಯೆಲ್ಲಾ ಉಸಿರಾಟ ನೋಡ್ತಾ ಇರಿ ಅಂತ ಡಾಕ್ಟರ್ ಹೇಳಿದ್ದರು. ಅಕ್ಕ ಮಂಚದ ಅಂಚಿನಲ್ಲಿ ಕೂತು ಮಗಳ ಬೆನ್ನ ಮೇಲೆ ಅಂಗೈ ಇಟ್ಟರು. ಆ ಕೈ ಈಗಲೂ ಕಣ್ಣ ಮುಂದಿದೆ. ಚಿಪ್ಪಿನ ಅಂಚು ತಾಗಿ ತಾಗಿ ಬೆರಳ ತುದಿಯಲ್ಲೆಲ್ಲಾ ಸಣ್ಣ ಸಣ್ಣ ಗೀರು, ಉಪ್ಪುನೀರಿಗೆ ಒಡೆದ ಉಗುರು. ಹನ್ನೆರಡರ ಹೊತ್ತಿಗೆ ಗಡಿಯಾರ ನೋಡದೆಯೇ "ಈಗ ನೀರು ತುಂಬ್ತು" ಅಂದರು. ಆಸ್ಪತ್ರೆಯಿಂದ ಸಮುದ್ರ ಕಾಣುತ್ತಿರಲಿಲ್ಲ.

ಎರಡು ಗಂಟೆಗೆ ನಾನು ತಡೆಯಲಾರದೆ ಹೇಳಿಬಿಟ್ಟೆ. ಫೋಟೋ ತೆಗೆಯೋಕೆ ಅಂತ ನಾನೇ ಅವಳ ಕೈ ಬಿಟ್ಟಿದ್ದೆ. ಇದನ್ನು ಅಲ್ಲಿಯವರೆಗೆ ಯಾರಿಗೂ ಹೇಳಿರಲಿಲ್ಲ, ನಮ್ಮವರಿಗೂ. ಇವತ್ತು ಇಲ್ಲಿ ಬರೀತಾ ಇದ್ದೇನೆ. ನನ್ನ ಕೈಯಲ್ಲಿ ಫೋನ್ ಇತ್ತು, ಮಗಳ ಕೈ ಇರಲಿಲ್ಲ. ಹೇಳ್ತಾ ಹೇಳ್ತಾ ಬಾಯಿಗೆ ಸೆರಗು ತುರುಕಿಕೊಂಡು ಅತ್ತುಬಿಟ್ಟೆ, ಅವಳಿಗೆ ಎಚ್ಚರ ಆಗಬಾರದು ಅಂತ.

ನಿಂದೇನೂ ತಪ್ಪಿಲ್ಲ ಅಂತ ಅಕ್ಕ ಹೇಳಲಿಲ್ಲ. ಹೇಳಿದ್ದರೂ ನಾನು ನಂಬುತ್ತಿರಲಿಲ್ಲ. ನನ್ನ ಕೈ ಹಿಡಿದು ಎಳೆದು ಮಗಳ ಬೆನ್ನ ಮೇಲಿಟ್ಟರು. ಅದರ ಮೇಲೆ ತಮ್ಮ ಕೈ ಇಟ್ಟರು. "ಹೆದ್ರೂಕಾಗ. ಎಣ್ಸು" ಅಂದರು. ನಾನು ಎಣಿಸಿದೆ. ಒಂದು ಉಸಿರು, ಎರಡು ಉಸಿರು. ನೂರು ದಾಟಿದ ಮೇಲೆ ಎಲ್ಲೋ ನಿದ್ದೆ ಬಂದುಬಿಟ್ಟಿತು. ಎಚ್ಚರ ಆದಾಗ ಕಿಟಕಿಯಲ್ಲಿ ಬೆಳಕಿತ್ತು, ಅಕ್ಕನ ಕೈ ಅಲ್ಲೇ ಇತ್ತು.

ಅವತ್ತು ಹುಣ್ಣಿಮೆ. ಹುಣ್ಣಿಮೆ ಅಮಾವಾಸ್ಯೆಯ ಆಸುಪಾಸು ನೀರು ಬಹಳ ದೂರ ಇಳಿಯುತ್ತದೆ. ಅಘನಾಶಿನಿ ನದಿ ಸಮುದ್ರ ಸೇರುವ ಅಳಿವೆಯಲ್ಲಿ ಬಳಚು, ಅಂದರೆ ಚಿಪ್ಪುಮೀನು, ಹೆಕ್ಕುವವರಿಗೆ ಜಾಸ್ತಿ ಸಿಗುವುದು ಆ ನಾಲ್ಕಾರು ದಿನವೇ. ಬೆಳಗಿನ ಜಾವ ನಾಲ್ಕಕ್ಕೆಲ್ಲ ಅಕ್ಕನ ಜೊತೆಯವರು ಹೊರಟಿದ್ದರು. ಅಕ್ಕ ಹೋಗಲಿಲ್ಲ. ಇದನ್ನು ಹೇಳಿದ್ದು ಪಕ್ಕದ ಮನೆಯವರು, ಅಕ್ಕ ಅಲ್ಲ. ಆ ದಿನದ ದುಡಿಮೆಯ ಲೆಕ್ಕ ನಾನು ಎತ್ತಿದಾಗ ಅವರು ಎದ್ದು ಒಳಗೆ ಹೋಗಿಬಿಟ್ಟರು.

ಆಸ್ಪತ್ರೆಯಿಂದ ಬಂದ ಮೇಲೆ ಮಗಳು ಸಮುದ್ರದ ಕಡೆಯ ಕಿಟಕಿಯನ್ನೇ ತೆರೆಯಲು ಬಿಡುತ್ತಿರಲಿಲ್ಲ. ಹೊರಡುವ ಹಿಂದಿನ ದಿನ ಅಕ್ಕ ಅವಳನ್ನು ಅಳಿವೆಗೆ ಕರೆದುಕೊಂಡು ಹೋದರು. ಇಳಿತ ದಿನದಿಂದ ದಿನಕ್ಕೆ ಮುಕ್ಕಾಲು ಗಂಟೆ ತಡ ಆಗುತ್ತಾ ಹೋಗುತ್ತದಂತೆ, ಅವತ್ತು ಏಳೂವರೆಗೆ ಇತ್ತು. 2024ರಲ್ಲಿ ಆ ಅಳಿವೆ ಜಗತ್ತಿನ ಮಹತ್ವದ ಜೌಗು ಪ್ರದೇಶಗಳ ರಾಮ್ಸರ್ ಪಟ್ಟಿಗೆ ಸೇರಿದ್ದನ್ನು ನಾನು ಪೇಪರಿನಲ್ಲಿ ಓದಿದ್ದೆ. ಅಕ್ಕನಿಗೆ ಅದು ತಾಯಿ ಕಾಲದಿಂದ ದುಡಿಯುತ್ತಾ ಬಂದ ಜಾಗ. ಪಾದ ಮುಳುಗುವಷ್ಟೇ ನೀರು, ಕೆಳಗೆ ಮೆತ್ತನೆಯ ಕೆಸರು. ಕಾಲಿನ ಹೆಬ್ಬೆರಳಲ್ಲಿ ಕೆಸರು ಒತ್ತಿ ನೋಡಬೇಕು, ಗಟ್ಟಿ ತಾಗಿದರೆ ಬಗ್ಗಿ ಕೈ ಹಾಕಬೇಕು. ಮಗಳು ಮೊದಲು ಅಕ್ಕನ ಸೊಂಟ ಬಿಡಲಿಲ್ಲ. ಆಮೇಲೆ ಒಂದು ಕೈ ಬಿಟ್ಟಳು. ಆಮೇಲೆ "ಅಮ್ಮಾ, ಸಿಕ್ತು!" ಅಂತ ಕೂಗಿದಳು. ಹದಿನೇಳು ಬಳಚು ಹೆಕ್ಕಿದಳು. ನಾನು ಫೋಟೋ ತೆಗೆಯಲಿಲ್ಲ.

ಅಕ್ಕಾ, ಇದನ್ನು ನಿಮ್ಮ ಮಗ ನಿಮಗೆ ಓದಿ ಹೇಳ್ತಾನೆ ಅಂತ ಗೊತ್ತು. ನಿಮ್ಮ ಡಬ್ಬಿ ತೊಳೆದು ಎತ್ತಿಟ್ಟಿದ್ದೇನೆ, ಮಳೆಗಾಲಕ್ಕೆ ಮುಂಚೆ ನಾವೇ ಬಂದು ಕೊಡ್ತೇವೆ. ಚಾದರ ಮಾತ್ರ ಕೇಳಬೇಡಿ. ಅವಳು ದಿನಾ ಅದನ್ನೇ ಹೊದ್ದು ಮಲಗ್ತಾಳೆ, ತೊಳೆಯೋಕೂ ಕೊಡ್ತಿಲ್ಲ.