ಈ ಸಲ ಪುಸ್ತಕ ಬೇಡ, ಪುಸ್ತಕ ಕೈಗೆ ಕೊಡುವವರು ಬೇಕು

ಹಳೇ ವಿದ್ಯಾರ್ಥಿಗಳಿಗೆ, ಊರಿನವರಿಗೆ, ಊರು ಬಿಟ್ಟು ದೂರ ಇರುವವರಿಗೆ ನಮಸ್ಕಾರ.

ಹೋದ ವರ್ಷ ಶಾಲೆಯ ಲೈಬ್ರರಿಗೆ ಪುಸ್ತಕ ಕೊಡಿ ಅಂತ ಕೇಳಿದ್ದೆವು. ನೀವು ಕೈ ತುಂಬಾ ಕೊಟ್ಟಿರಿ. ಬೆಂಗಳೂರಿನಿಂದ ಬಸ್ಸಿಗೆ ಹಾಕಿ ಕಳಿಸಿದಿರಿ, ಮೈಸೂರಿನವರು ಕಾರಿನ ಡಿಕ್ಕಿಯಲ್ಲಿ ತಂದರು, ದುಬೈಯಲ್ಲಿರುವ ಒಬ್ಬರಂತೂ ರಜೆಗೆ ಬರುವಾಗ ಸೂಟ್‌ಕೇಸಿನ ಅರ್ಧ ಭಾಗ ಮಕ್ಕಳ ಪುಸ್ತಕವನ್ನೇ ತುಂಬಿಕೊಂಡು ಬಂದರು. ಅದನ್ನು ನಾವು ಮರೆತಿಲ್ಲ. ಹಾಗಾಗಿ ನಿಮಗೆ ಇದ್ದದ್ದನ್ನು ಇದ್ದ ಹಾಗೆ ಹೇಳಬೇಕು. ಆ ಪುಸ್ತಕಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಇನ್ನೂ ಬೀರುವಿನಲ್ಲೇ ಇವೆ. ಬೀರುವಿಗೆ ಬೀಗ ಹಾಕಿದೆ. ಅದಕ್ಕೇ ಈ ಸಲ ಒಬ್ಬ ಟೀಚರ್ ಲೈಬ್ರರಿಯನ್, ಅಂದರೆ ಲೈಬ್ರರಿ ನಡೆಸುತ್ತಾ ಮಕ್ಕಳಿಗೆ ಓದುವುದನ್ನೂ ಹುಡುಕುವುದನ್ನೂ ಕಲಿಸುವವರನ್ನು ಇಟ್ಟುಕೊಳ್ಳುವುದಕ್ಕೆ ನಿಮ್ಮ ಸಹಾಯ ಕೇಳುತ್ತಿದ್ದೇವೆ.

ಮೇಷ್ಟರನ್ನು ದೂರಬೇಡಿ. ಲೈಬ್ರರಿಯ ಚಾರ್ಜ್ ಕನ್ನಡ ಮೇಷ್ಟರ ಮೇಲಿದೆ. ಅವರಿಗೆ ಪಾಠ ಇದೆ, ಬಿಸಿಯೂಟದ ಲೆಕ್ಕ ಇದೆ, ಸಂಜೆ ಎಸ್‌ಎಸ್‌ಎಲ್‌ಸಿ ಮಕ್ಕಳಿಗೆ ಸ್ಪೆಷಲ್ ಕ್ಲಾಸ್ ಇದೆ. ಒಂದು ಪುಸ್ತಕ ಕಳೆದರೆ ದಾಸ್ತಾನು ರಿಜಿಸ್ಟರ್ ಹಿಡಿದು ಬಂದವರಿಗೆ ಅವರೇ ಉತ್ತರ ಕೊಡಬೇಕು. ಅವರ ಜಾಗದಲ್ಲಿ ನಾನಿದ್ದರೂ ಬೀಗ ಹಾಕುತ್ತಿದ್ದೆ.

ನನ್ನ ಮನಸ್ಸಿನಿಂದ ಹೋಗದ ಒಂದು ವಿಷಯ ಹೇಳುತ್ತೇನೆ. ಮಳೆಗಾಲದಲ್ಲಿ 8ನೇ ಕ್ಲಾಸಿನ ಒಬ್ಬಳು ಹುಡುಗಿ ಹಾವಿನ ಪುಸ್ತಕ ಇದೆಯಾ ಅಂತ ಕೇಳಿಕೊಂಡು ಬಂದಳು. ಅವರ ತೆಂಗಿನ ತೋಟದಲ್ಲಿ ಒಂದು ಹಾವು ಆಗಾಗ ಕಾಣಿಸುತ್ತಿತ್ತಂತೆ. ನಾಗರಹಾವು ಅಂತ ಅಪ್ಪ, ಕೇರೆಹಾವು ಅಂತ ಅಜ್ಜಿ. ಯಾರು ಸರಿ ಅಂತ ಅವಳಿಗೆ ಗೊತ್ತಾಗಬೇಕಿತ್ತು. ಬೀರು ತೆಗೆದು ಹುಡುಕಿದೆವು, ಸಿಗಲಿಲ್ಲ. ನಾಳೆ ಬಾ ಅಂದೆವು. ಮರುದಿನ ಬಂದಳು, ಆಮೇಲೆ ಬರಲಿಲ್ಲ. ಏಪ್ರಿಲ್‌ನಲ್ಲಿ ಪುಸ್ತಕ ಎಣಿಸುವಾಗ ಹಾವಿನ ಬಗ್ಗೆ ಒಂದಲ್ಲ, ಎರಡು ಪುಸ್ತಕ ಸಿಕ್ಕವು. ಒಂದು ಕಥೆಪುಸ್ತಕಗಳ ನಡುವೆ, ಇನ್ನೊಂದು ಹಳೇ ಸೈನ್ಸ್ ಗೈಡುಗಳ ಅಡಿಯಲ್ಲಿ. ವಿಷಯದ ಪ್ರಕಾರ ನಂಬರ್ ಹಾಕಿ ಪುಸ್ತಕ ಜೋಡಿಸುವುದಕ್ಕೆ ಲೈಬ್ರರಿಗಳಲ್ಲಿ ಬಳಸುವ ಡ್ಯೂಯಿ ಪದ್ಧತಿಯಲ್ಲಿ ಹಾವಿಗೆ ಅಂತಲೇ 597.96 ಅನ್ನುವ ನಂಬರ್ ಇದೆ. ಆ ನಂಬರ್ ಹಾಕಿ ಇಟ್ಟಿದ್ದರೆ ಎರಡೂ ಅಕ್ಕಪಕ್ಕ ಕೂತಿರುತ್ತಿದ್ದವು, ಹುಡುಗಿ ಮೊದಲ ದಿನವೇ ಎರಡನ್ನೂ ಬಗಲಲ್ಲಿ ಇಟ್ಟುಕೊಂಡು ಮನೆಗೆ ಹೋಗುತ್ತಿದ್ದಳು. ನಮಗೆ ಯಾರಿಗೂ ಅದು ಗೊತ್ತಿರಲಿಲ್ಲ.

ಈ ಕೆಲಸ ಕಲಿತು ಮಾಡುವಂಥದ್ದು. ಎಸ್. ಆರ್. ರಂಗನಾಥನ್ ಅವರ ಹೆಸರು ಕೆಲವರು ಕೇಳಿರಬಹುದು. ಗಣಿತದ ಮೇಷ್ಟರಾಗಿದ್ದವರು, 1924ರಲ್ಲಿ ಮದ್ರಾಸ್ ವಿಶ್ವವಿದ್ಯಾಲಯಕ್ಕೆ ಲೈಬ್ರರಿಯನ್ ಆದರು. ಸೇರಿದ ಕೆಲವೇ ದಿನಕ್ಕೆ ಬೇಸರ ಬಂದು, ನನ್ನನ್ನು ಪಾಠ ಮಾಡುವುದಕ್ಕೇ ವಾಪಸ್ ಕರೆದುಕೊಳ್ಳಿ ಅಂದರಂತೆ. ಆಮೇಲೆ ಲಂಡನ್ನಿಗೆ ಹೋಗಿ ಆ ವಿದ್ಯೆ ಕಲಿತರು, ಅಲ್ಲಿನ ಲೈಬ್ರರಿಗಳನ್ನು ಓಡಾಡಿ ನೋಡಿದರು. ಬಂದವರು ಬೇರೆಯೇ ಮನುಷ್ಯರಾಗಿದ್ದರು. ಅಷ್ಟು ಬುದ್ಧಿವಂತರಿಗೇ ಕಲಿಯುವ ಮುಂಚೆ ಆ ಕೆಲಸದ ರುಚಿ ಹತ್ತಲಿಲ್ಲ, ಇನ್ನು ನಮ್ಮ ಮೇಷ್ಟರಿಗೆ ಸುಮ್ನೆ ಒಂದು ಬೀಗದ ಕೈ ಕೊಟ್ಟು ಲೈಬ್ರರಿ ನಡೆಸಿ ಅಂದರೆ ಹೇಗೆ? ಮುಂದೆ ರಂಗನಾಥನ್ ನಮ್ಮ ಬೆಂಗಳೂರಿಗೇ ಬಂದು, 1962ರಲ್ಲಿ ಈ ವಿದ್ಯೆಯ ಸಂಶೋಧನೆಗೆ, ತರಬೇತಿಗೆ ಒಂದು ಕೇಂದ್ರ ಕಟ್ಟಿದರು. ಲೈಬ್ರರಿ ಹೇಗಿರಬೇಕು ಅಂತ ಅವರು ಹೇಳಿದ ಐದು ಸೂತ್ರಗಳಲ್ಲಿ ಮೊದಲನೆಯದು, ಪುಸ್ತಕ ಇರುವುದು ಬಳಸುವುದಕ್ಕೆ ಅಂತ. ಎರಡು ಮತ್ತು ಮೂರನೆಯದು, ಪ್ರತಿ ಓದುಗನಿಗೂ ಅವನ ಪುಸ್ತಕ, ಪ್ರತಿ ಪುಸ್ತಕಕ್ಕೂ ಅದರ ಓದುಗ. ಆ ಹುಡುಗಿಯ ವಿಷಯದಲ್ಲಿ ನಾವು ಮೂರರಲ್ಲೂ ತಪ್ಪಿದೆವು.

ಸರ್ಕಾರ ಕೊಡುವುದಿಲ್ಲವಾ ಅಂತ ಕೇಳುತ್ತೀರಿ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿಯಲ್ಲಿ ಪ್ರತಿ ಶಾಲೆಯಲ್ಲೂ ಲೈಬ್ರರಿ ಇರಬೇಕು, ದಿನಪತ್ರಿಕೆ, ಕಥೆಪುಸ್ತಕ ಎಲ್ಲ ಇರಬೇಕು ಅಂತ ಬರೆದಿದೆ. ಚಿತ್ರಕಲೆಗೆ, ದೈಹಿಕ ಶಿಕ್ಷಣಕ್ಕೆ ಅರೆಕಾಲಿಕ ಶಿಕ್ಷಕರ ಮಾತೂ ಇದೆ. ಲೈಬ್ರರಿಯನ್ ಮಾತು ಮಾತ್ರ ಇಲ್ಲ. ಸಮಗ್ರ ಶಿಕ್ಷಣ ಅನ್ನುವ ಸರ್ಕಾರಿ ಯೋಜನೆಯಲ್ಲಿ ಸರ್ಕಾರಿ ಶಾಲೆಗಳಿಗೆ ವರ್ಷಕ್ಕೆ 5,000ದಿಂದ 20,000 ರೂಪಾಯಿ ತನಕ ಬರುವ ಲೈಬ್ರರಿ ಅನುದಾನವೂ ಪುಸ್ತಕಕ್ಕೇ ಹೊರತು ಸಂಬಳಕ್ಕಲ್ಲ. ಕೇಂದ್ರೀಯ ವಿದ್ಯಾಲಯಗಳಲ್ಲಿ ಲೈಬ್ರರಿಯನ್ ಹುದ್ದೆ ಇದೆ. ನಮ್ಮದು ಅನುದಾನಿತ ಕನ್ನಡ ಶಾಲೆ, ಆ ಹುದ್ದೆಯೇ ಇಲ್ಲ. ಕೇಂದ್ರ ಸರ್ಕಾರಿ ನೌಕರರ ಮಕ್ಕಳಿಗೆ ಸಿಗುವುದು ಕೊಬ್ಬರಿ ಸುಲಿಯುವವರ ಮಕ್ಕಳಿಗೂ ಸಿಗಬೇಕು, ಅಲ್ವಾ?

ನಮಗೆ ಬರುವ ಲೈಬ್ರರಿಯನ್ ಏನು ಮಾಡುತ್ತಾರೆ? ಮೊದಲು ಬೀಗ ತೆಗೆಯುತ್ತಾರೆ. ಆಮೇಲೆ ಮಕ್ಕಳನ್ನು ಓದಿಸಿ ನೋಡುತ್ತಾರೆ. 8ನೇ ಕ್ಲಾಸಿಗೆ ಬಂದರೂ ಒಂದು ಪುಟ ತಡವರಿಸದೆ ಓದಲಾಗದ ಮಕ್ಕಳು ನಮ್ಮಲ್ಲಿದ್ದಾರೆ, ಇದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ಅಂಥ ಹುಡುಗನ ಕೈಗೆ ಪುಟಾಣಿಗಳ ಪುಸ್ತಕ ಕೊಟ್ಟರೆ ಪಕ್ಕದವರು ನಗುತ್ತಾರೆ, ಅವನು ಮತ್ತೆ ಆ ಕೋಣೆಗೆ ಕಾಲಿಡುವುದಿಲ್ಲ. ಅದೇ ಅವನಿಗೆ ಇಷ್ಟವಾದ ಟ್ರ್ಯಾಕ್ಟರ್ ಬಗ್ಗೆಯೋ ಕಬಡ್ಡಿ ಬಗ್ಗೆಯೋ ಚಿಕ್ಕ ವಾಕ್ಯದ, ದೊಡ್ಡ ಚಿತ್ರದ ಪುಸ್ತಕ ಹುಡುಕಿ, ಯಾರಿಗೂ ಗೊತ್ತಾಗದ ಹಾಗೆ ಕೊಟ್ಟು, ಮರುವಾರ ಪಕ್ಕದಲ್ಲಿ ಕೂತು ಕೇಳಿದರೆ ಓದುತ್ತಾನೆ. ಯಾವ ಪುಸ್ತಕ ಯಾವ ಹಂತದ್ದು ಅಂತ ಗೊತ್ತಿರಬೇಕು, ಹುಡುಗನೂ ಗೊತ್ತಿರಬೇಕು. ಸ್ಟೋರಿವೀವರ್ ಅನ್ನುವ ಮಕ್ಕಳ ಕಥೆಗಳ ವೆಬ್‌ಸೈಟಿನಲ್ಲಿ ಹಂತ ಗುರುತು ಮಾಡಿದ ಕನ್ನಡ ಕಥೆಗಳು 2015ರಿಂದ ಪುಕ್ಕಟೆ ಸಿಗುತ್ತಿವೆ. ಆರಿಸಿ ಪ್ರಿಂಟ್ ತೆಗೆದು ಕೊಡುವವರು ನಮ್ಮಲ್ಲಿ ಒಬ್ಬರೂ ಇಲ್ಲ.

ಇನ್ನು ಪ್ರಾಜೆಕ್ಟ್. ಈಗ ಮಕ್ಕಳು ಸೈಬರ್ ಸೆಂಟರಿನಲ್ಲಿ ದುಡ್ಡು ಕೊಟ್ಟು ಪ್ರಿಂಟ್ ತಂದು ಅಂಟಿಸುತ್ತಾರೆ, ಒಂದು ಸಾಲೂ ಓದಿರುವುದಿಲ್ಲ. ಮೊನ್ನೆ ಕನ್ನಡದ ಅತಿ ಹಳೆಯ ಶಾಸನ ಯಾವುದು ಅನ್ನುವ ಪ್ರಶ್ನೆಗೆ ಅರ್ಧ ಕ್ಲಾಸು ಹಲ್ಮಿಡಿ ಅಂತ ಬರೆಯಿತು, ನಮ್ಮ ಹಾಸನ ಜಿಲ್ಲೆಯದೇ, ಸುಮಾರು ಕ್ರಿ.ಶ. 450ರದ್ದು. ಇನ್ನು ಕೆಲವರು ತಾಳಗುಂದ ಅಂತ ಬರೆದರು. ಶಿಕಾರಿಪುರ ತಾಲೂಕಿನ ತಾಳಗುಂದದಲ್ಲಿ ಸಿಕ್ಕ ಶಾಸನ ಕ್ರಿ.ಶ. 370ರ ಸುಮಾರಿನದು ಅಂತ ಪುರಾತತ್ವ ಇಲಾಖೆಯವರು ಹೇಳಿದ್ದಾರೆ. ಒಬ್ಬ ಟೀಚರ್ ಲೈಬ್ರರಿಯನ್ ಇದ್ದಿದ್ದರೆ ಎಂಥ ಪಾಠ ಆಗುತ್ತಿತ್ತು ನೋಡಿ! ಎರಡನ್ನೂ ಮಕ್ಕಳ ಮುಂದೆ ಇಟ್ಟು, ಇದನ್ನು ಯಾರು ಹೇಳಿದರು, ಯಾವಾಗ ಹೇಳಿದರು, ಏನು ನೋಡಿ ಹೇಳಿದರು ಅಂತ ಕೇಳಬಹುದಿತ್ತು. ಸಮಾಜ ಪಾಠ ಮಾಡುವ ಮೇಡಮ್ಮಿಗೆ ಬೇಕಾದ ನಕ್ಷೆ, ಚಿತ್ರ, ಲೇಖನ ಮುಂಚೆಯೇ ಜೋಡಿಸಿ ಕೊಡಬಹುದಿತ್ತು. ವಾಟ್ಸಾಪಿನಲ್ಲಿ ಬಂದದ್ದನ್ನೆಲ್ಲ ನಂಬುವ ಕಾಲದಲ್ಲಿ ಈ ಅಭ್ಯಾಸ ಮಕ್ಕಳಿಗೆ ಬೇಕೇ ಬೇಕು, ಇದು ನನ್ನ ಗಟ್ಟಿ ನಂಬಿಕೆ.

ಈಗ ದುಡ್ಡಿನ ವಿಷಯ.

ತಿಂಗಳಿಗೆ 22,000 ರೂಪಾಯಿ ಸಂಬಳ ಅಂತ ಇಟ್ಟುಕೊಂಡಿದ್ದೇವೆ. ಇದು ಜಾಸ್ತಿಯಲ್ಲ, ಇದಕ್ಕಿಂತ ಕಡಿಮೆ ಕೊಟ್ಟರೆ ಆರು ತಿಂಗಳಿಗೆ ಬಿಟ್ಟು ಹೋಗುತ್ತಾರೆ. ವರ್ಷಕ್ಕೆ 2,64,000, ಎರಡು ವರ್ಷಕ್ಕೆ 5,28,000. ಹೊಸ ಪುಸ್ತಕಕ್ಕೆ ವರ್ಷಕ್ಕೆ ಬರೀ 36,000. ಎಲ್ಲ ಸೇರಿ ಎರಡು ವರ್ಷಕ್ಕೆ 6 ಲಕ್ಷ. ಒಂದೇ ವರ್ಷಕ್ಕೆ ಯಾಕೆ ಕೇಳುತ್ತಿಲ್ಲ ಅಂದರೆ, ಮೊದಲ ವರ್ಷ ಪುಸ್ತಕ ಜೋಡಿಸುವುದಕ್ಕೆ, ಮಕ್ಕಳ ಹೆಸರು ಬಾಯಿಗೆ ಬರುವುದಕ್ಕೇ ಆಗುತ್ತದೆ. ಬಿ.ಲಿಬ್., ಅಂದರೆ ಲೈಬ್ರರಿ ವಿಜ್ಞಾನದ ಪದವಿ ಮಾಡಿದವರೇ ಬೇಕು, ಬಿ.ಇಡಿ. ಕೂಡ ಇದ್ದರೆ ಬಹಳ ಒಳ್ಳೆಯದು. ಮಕ್ಕಳ ಜೊತೆ ಚೆನ್ನಾಗಿ ಬೆರೆಯುವ, ಬಿ.ಇಡಿ. ಮಾತ್ರ ಆಗಿರುವವರು ಸಿಕ್ಕರೆ ಮೈಸೂರಿನ ಮುಕ್ತ ವಿಶ್ವವಿದ್ಯಾಲಯದಲ್ಲಿ ಬಿ.ಲಿಬ್. ಓದಿಸುತ್ತೇವೆ, ಆ ಫೀಸನ್ನು ಶಾಲೆಯ ಟ್ರಸ್ಟಿನವರಾದ ನಾವೇ ಹಾಕಿಕೊಳ್ಳುತ್ತೇವೆ.

ಒಂದು ತಿಂಗಳ ಸಂಬಳ ನನ್ನದು ಅಂತ ಒಬ್ಬರು ಹೇಳಬಹುದು, ನಾಲ್ಕು ಜನ ಕ್ಲಾಸ್‌ಮೇಟ್‌ಗಳು ಸೇರಿಯೂ ಹೇಳಬಹುದು. ಒಂದು ದಿನದ್ದಾದರೆ ಸುಮಾರು 750 ರೂಪಾಯಿ. ಅದಕ್ಕಿಂತ ಕಡಿಮೆ ಕೊಟ್ಟರೂ ಸಂಕೋಚ ಬೇಡ. ಹಳೆಯ ತೆರಿಗೆ ಪದ್ಧತಿಯಲ್ಲಿದ್ದು ದಾನಕ್ಕೆ ಸಿಗುವ ತೆರಿಗೆ ವಿನಾಯಿತಿ (80ಜಿ) ಬೇಕಾದವರು ಪ್ಯಾನ್ ನಂಬರ್ ಕೊಡಿ, ನಗದಾಗಿ 2,000ಕ್ಕಿಂತ ಜಾಸ್ತಿ ಕೊಟ್ಟರೆ ಆ ವಿನಾಯಿತಿ ಸಿಗುವುದಿಲ್ಲ, ಚೆಕ್ಕಿನಲ್ಲೋ ಬ್ಯಾಂಕ್ ಮೂಲಕವೋ ಕೊಡಿ. ಶಾಲೆಯ ಆಫೀಸಿನಲ್ಲಿ ಕೊಟ್ಟು ರಸೀದಿ ಕೇಳಿ ತೆಗೆದುಕೊಳ್ಳಿ. ಬಂದದ್ದು, ಹೋದದ್ದು ಎರಡರ ಲೆಕ್ಕವೂ ಪ್ರತಿ ತಿಂಗಳು ನೋಟಿಸ್ ಬೋರ್ಡಿನಲ್ಲಿ ಇರುತ್ತದೆ.

ಪುಸ್ತಕ ಮಾತ್ರ ಸದ್ಯಕ್ಕೆ ಕಳಿಸಬೇಡಿ, ದಯವಿಟ್ಟು. ಯಾವುದು ಬೇಕು ಅಂತ ಬಂದವರೇ ಪಟ್ಟಿ ಮಾಡಿ ಕೇಳುತ್ತಾರೆ. ಬೇಸಿಗೆ ರಜೆ ಮುಗಿಯುವುದರೊಳಗೆ ಕೆಲಸಕ್ಕೆ ತೆಗೆದುಕೊಳ್ಳಬೇಕು. ಆ ಹುಡುಗಿ ಈಗ 9ನೇ ಕ್ಲಾಸು. ಹಾವಿನ ಪುಸ್ತಕ ಎರಡನ್ನೂ ಆಫೀಸಿನ ಮೇಜಿನ ಮೇಲೆ ತೆಗೆದಿಟ್ಟಿದ್ದೇನೆ.