ಬೋರೇಜ್ ಕುಟುಂಬದ ಕಾಡುಗಿಡಗಳು: ಭಾನುವಾರದ ಮಾತುಕತೆಗೆ ಮುನ್ನ

ಎಲ್ಲ ಸದಸ್ಯರಿಗೂ ನಮಸ್ಕಾರ.

ಬರುವ ಭಾನುವಾರ ಸಂಜೆ 5 ಗಂಟೆಗೆ ಗುಂಪಿನ ವಿಡಿಯೋ ಕರೆಯಲ್ಲಿ ಬೋರೇಜ್ ಎಂಬ ಗಿಡದ ಕುಟುಂಬಕ್ಕೆ ಸೇರಿದ ಕಾಡುಗಿಡಗಳ ಆಹಾರ ಮತ್ತು ಔಷಧ ಬಳಕೆಯ ಬಗ್ಗೆ ಮಾತನಾಡಲಿದ್ದೇವೆ. ಒರಟು ರೋಮಗಳ ಎಲೆ ಹಾಗೂ ಚೇಳಿನ ಬಾಲದಂತೆ ಸುರುಳಿಗೊಂಡ ಹೂಗೊಂಚಲು ಇವುಗಳ ಸಾಮಾನ್ಯ ಗುರುತು.

ಬೋರೇಜ್‌ನ ನೀಲಿ ಹೂವನ್ನೂ ಸೌತೆಕಾಯಿಯ ರುಚಿಯುಳ್ಳ ಎಳೆಯ ಎಲೆಯನ್ನೂ ಅಲ್ಪ ಪ್ರಮಾಣದಲ್ಲಿ ತಿನ್ನುವ ರೂಢಿಯಿದೆ. ಆದರೆ ಇದೇ ಕುಟುಂಬದ ಕಾಮ್‌ಫ್ರಿ, ಹೀಲಿಯೋಟ್ರೋಪ್ ಮೊದಲಾದ ಗಿಡಗಳಲ್ಲಿ ಯಕೃತ್ತಿನ ಸಣ್ಣ ರಕ್ತನಾಳಗಳನ್ನು ಮುಚ್ಚಿಬಿಡಬಲ್ಲ ಪೈರೊಲಿಜಿಡಿನ್ ಆಲ್ಕಲಾಯ್ಡ್‌ಗಳೆಂಬ ವಿಷಪದಾರ್ಥಗಳಿದ್ದು, ಎಲೆಯನ್ನು ಒಣಗಿಸಿ ಕಷಾಯ ಮಾಡಿದ ಮಾತ್ರಕ್ಕೆ ಅವು ಹೋಗುವುದಿಲ್ಲ. ಈ ಕಾರಣದಿಂದಲೇ ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು 2001ರಲ್ಲಿ ಕಾಮ್‌ಫ್ರಿ ಇರುವ ಪೂರಕ ಆಹಾರಗಳನ್ನು ಮಾರುಕಟ್ಟೆಯಿಂದ ಹಿಂಪಡೆಯುವಂತೆ ತಯಾರಕರಿಗೆ ಸೂಚಿಸಿತು. ಉಳುಕಿಗೆ ಕಾಮ್‌ಫ್ರಿಯನ್ನು ಮೇಲೆ ಹಚ್ಚುವವರು ಗಾಯವಿಲ್ಲದ ಚರ್ಮಕ್ಕೆ, ಕೆಲವೇ ದಿನ ಮಾತ್ರ ಹಚ್ಚಬೇಕು. ಹೂಬಿಡದ ಕಾಮ್‌ಫ್ರಿಯೆಂದು ಹೃದಯಕ್ಕೆ ಮಾರಕವಾದ ಡಿಜಿಟಾಲಿಸ್ ಎಂಬ ಬೇರೊಂದು ಗಿಡದ ಎಲೆಯನ್ನು ಕಿತ್ತು ಸೇವಿಸಿ ಪ್ರಾಣ ಕಳೆದುಕೊಂಡವರಿದ್ದಾರೆ ಎಂಬುದು ನನಗೆ ಎಲ್ಲಕ್ಕಿಂತ ಆತಂಕದ ವಿಷಯ.

ಗರ್ಭಿಣಿಯರು, ಹಾಲುಣಿಸುವ ತಾಯಂದಿರು, ಮಕ್ಕಳು ಮತ್ತು ಯಕೃತ್ತಿನ ತೊಂದರೆಯುಳ್ಳವರು ಈ ಗಿಡಗಳನ್ನು ಸೇವಿಸಲೇಬಾರದು.

ನೀವು ಕಂಡ ಗಿಡದ ಎಲೆ, ಕಾಂಡ, ಹೂಗಳ ಸ್ಪಷ್ಟ ಚಿತ್ರಗಳನ್ನು ಶುಕ್ರವಾರದೊಳಗೆ ಕಳುಹಿಸಿ; ಗುರುತು ಖಚಿತವಾಗುವವರೆಗೆ ದಯವಿಟ್ಟು ಯಾವುದನ್ನೂ ರುಚಿ ನೋಡಬೇಡಿ. ಭಾಗವಹಿಸುವವರು ಇಲ್ಲಿಯೇ ಹೆಸರು ತಿಳಿಸಬೇಕಾಗಿ ವಿನಂತಿ.