ಗೂಡಿನ ಫೋಟೊ ಯಾಕೆ ಬೇಡ?

ಪ್ರಿಯ ಓದುಗರೇ,

ರಜೆಗೆ ಊರಿಗೆ ಹೋದವರೆಲ್ಲ ವಾಪಸ್ ಬಂದಿದ್ದೀರಿ. ಸಂಘದ ಇನ್‌ಬಾಕ್ಸ್ ತುಂಬ ನಿಮ್ಮ ಫೋಟೊಗಳೇ. ಈ ಸಲ ಜೋಗ, ಆಗುಂಬೆಗಿಂತ ಹಕ್ಕಿಗಳು ಜಾಸ್ತಿ. ಖುಷಿಯಾಯಿತು. ಆದರೆ ಅವುಗಳಲ್ಲಿ ಕೆಲವನ್ನು ಈ ಸಂಚಿಕೆಯಲ್ಲಿ ಹಾಕುತ್ತಿಲ್ಲ. ಚೆನ್ನಾಗಿಲ್ಲ ಅಂತಲ್ಲ, ನಿಜ ಹೇಳಬೇಕೆಂದರೆ ಅವೇ ಎಲ್ಲಕ್ಕಿಂತ ಚೆನ್ನಾಗಿವೆ. ಗೂಡು, ಮೊಟ್ಟೆ, ಬಾಯಿ ತೆರೆದ ಮರಿ, ಎಲ್ಲವನ್ನೂ ತೀರಾ ಹತ್ತಿರದಿಂದ ತೆಗೆದದ್ದು. ಕಷ್ಟಪಟ್ಟು ತೆಗೆದವರಿಗೆ ಕಾರಣ ಹೇಳಬೇಕು, ಅಲ್ವಾ?

ಜುಲೈಯಲ್ಲಿ ನಾನೂ ಶಿವಮೊಗ್ಗದಲ್ಲಿದ್ದೆ. ಒಂದು ಬೆಳಿಗ್ಗೆ ಮಳೆ ಹೊಳವಾಗಿದ್ದೇ ತಡ, ಕ್ಯಾಮೆರಾ ಹಿಡಿದು ನವುಲೆ ಕೆರೆಗೆ ಹೋದೆ. ಏರಿಯ ಮೇಲೆ ಮಂಕಿ ಕ್ಯಾಪ್ ಹಾಕಿದ ವಾಕಿಂಗ್ ಮಂದಿ. ಜೊಂಡಿನಲ್ಲಿ ನೇರಳೆ ಜಂಬುಕೋಳಿಗಳು ದಂಟು ಕಿತ್ತು, ಕಾಲಲ್ಲೇ ಹಿಡಿದು ತಿನ್ನುತ್ತಿದ್ದವು. ನೀರುಕಾಗೆಯೊಂದು ರೆಕ್ಕೆ ಹರವಿಕೊಂಡು ಕೂತಿತ್ತು. ಅದರ ಪುಕ್ಕಕ್ಕೆ ನೀರು ಹಿಡಿಯುತ್ತದೆ. ಮುಳುಗಿ ಮೀನು ಹಿಡಿಯಲು ಅನುಕೂಲ, ಆಮೇಲೆ ಒಣಗಿಸುವುದೇ ಕೆಲಸ. ಮಲೆನಾಡಿನ ಜುಲೈಯಲ್ಲಿ ಅದೇನು ಒಣಗುತ್ತದೋ!

ಆವತ್ತು ನಾನು ಜಾಸ್ತಿ ಹೊತ್ತು ನೋಡಿದ್ದು ಒಂದು ದೇವನಕ್ಕಿಯನ್ನು. ಉದ್ದುದ್ದ ಬೆರಳೂರಿ ತೇಲುವ ಎಲೆಗಳ ಮೇಲೆ ನಡೆಯುತ್ತಿತ್ತು. ಕಾಲು ಎರಡಕ್ಕಿಂತ ಜಾಸ್ತಿ ಇದ್ದ ಹಾಗಿತ್ತು. ಜೂಮ್ ಮಾಡಿದರೆ, ರೆಕ್ಕೆಯ ಅಡಿಯಿಂದ ಪುಟ್ಟ ಪುಟ್ಟ ಕಾಲುಗಳು ನೇತಾಡುತ್ತಿವೆ! ಮರಿಗಳನ್ನು ಕಂಕುಳಲ್ಲಿ ಇರುಕಿಕೊಂಡು ಹೊರಟಿತ್ತು ಅಪ್ಪ. ಹೌದು, ಅಪ್ಪನೇ. ಈ ಹಕ್ಕಿಯಲ್ಲಿ ಹೆಣ್ಣು ಮೊಟ್ಟೆ ಇಟ್ಟು ಇನ್ನೊಂದು ಗಂಡನ್ನು ಹುಡುಕಿಕೊಂಡು ಹೋಗುತ್ತದೆ. ಕಾವು ಕೊಡುವುದು, ಮರಿ ನೋಡಿಕೊಳ್ಳುವುದು ಎಲ್ಲ ಗಂಡಿನ ಪಾಲಿಗೆ. (ನಮ್ಮ ಮಹಿಳಾ ವಿಭಾಗದವರು ಈ ಸಾಲುಗಳನ್ನು ಕತ್ತರಿಸಿ ಇಟ್ಟುಕೊಳ್ಳಬಹುದು.)

ಅಷ್ಟರಲ್ಲಿ ಆಚೆ ಬಯಲಲ್ಲಿ ಟಿಟ್ಟಿಭ ಹಕ್ಕಿಯ ಜೋಡಿ ಕಿರುಚಾಡತೊಡಗಿತು. ದೊಡ್ಡ ಲೆನ್ಸ್ ಹೊತ್ತ ಹುಡುಗನೊಬ್ಬ ಅತ್ತ ಹೊರಟಿದ್ದ. ಗಾಳ ಹಾಕಿ ಕೂತಿದ್ದ ಹಿರಿಯರೊಬ್ಬರು ಕೂಗಿದರು: "ಅಲ್ಲಿ ಹೋಗ್ಬೇಡ ಮಾರಾಯ, ನೆಲದಲ್ಲೇ ಮೊಟ್ಟೆ ಇಟ್ಟಿದೆ, ಮೆಟ್ಟಿಬಿಡ್ತೀಯ!"

ಟಿಟ್ಟಿಭಕ್ಕೆ ಗೂಡು ಅಂತ ಹೇಳುವಂಥದ್ದೇ ಇಲ್ಲ. ನೆಲದ ಸಣ್ಣ ತಗ್ಗಿನಲ್ಲಿ ಸಾಮಾನ್ಯವಾಗಿ 4 ಮೊಟ್ಟೆ, ಬಣ್ಣ ಅಲ್ಲಿನ ಮಣ್ಣು ಕಲ್ಲಿನದೇ. ಬಿಸಿಲು ಜೋರಾದರೆ ಹೊಟ್ಟೆಯ ಪುಕ್ಕ ನೆನೆಸಿಕೊಂಡು ಬಂದು ಮೊಟ್ಟೆ ತಂಪು ಮಾಡುತ್ತದೆ. ನಾವು ಹತ್ತಿರ ನಿಂತಷ್ಟು ಹೊತ್ತು ಅದು ಬರುವುದಿಲ್ಲ. ಕಾಗೆಗೆ ಅಷ್ಟು ಹೊತ್ತು ಸಾಕು. ಮರದ ಗೂಡಿನದು ಇನ್ನೂ ಕೆಟ್ಟ ಕತೆ. ಫೋಟೊಗೆ ಅಡ್ಡ ಬರುತ್ತದೆ ಅಂತ ಕೊಂಬೆ ಬಗ್ಗಿಸಿ ಕಟ್ಟುವವರಿದ್ದಾರೆ, ಎಲೆ ತರಿಯುವವರಿದ್ದಾರೆ. ಮರಿಗೆ ನೆರಳೂ ಮರೆಯೂ ಆ ಎಲೆಗಳೇ. ನೀವು ಹಾಗೆ ಮಾಡಿದ್ದೀರಿ ಅಂತ ನಾನು ಹೇಳುತ್ತಿಲ್ಲ. ಆದರೆ ನಿಮ್ಮ ಚಿತ್ರ ನೋಡಿ ಆಸೆಪಟ್ಟವರು ಮಾಡಬಹುದು.

ಹಾಗಾದರೆ ಇದೇ ಸಂಚಿಕೆಯಲ್ಲಿ ಮಂಡಗದ್ದೆಯ ಗೂಡುಗಳ ಫೋಟೊ ಯಾಕೆ ಹಾಕಿದ್ದೀರಿ ಅಂತ ಕೇಳುತ್ತೀರಿ, ಗೊತ್ತು. ತೀರ್ಥಹಳ್ಳಿ ರಸ್ತೆಯಲ್ಲಿ, ಶಿವಮೊಗ್ಗದಿಂದ ಸುಮಾರು 30 ಕಿ.ಮೀ. ದೂರದ ಜಾಗ ಅದು. ಮಳೆಗಾಲದಲ್ಲಿ ನಡುಗಡ್ಡೆಯ ಮರಗಳ ತುಂಬ ಬೆಳ್ಳಕ್ಕಿ, ನೀರುಕಾಗೆ, ಹಾವಕ್ಕಿಗಳ ಸಂಸಾರ. ಎಲ್ಲರೂ ದಡದಲ್ಲೇ ನಿಂತು ನೋಡಬೇಕು. ನಡುವೆ ತುಂಗೆ ಕೆಂಪಾಗಿ ತುಂಬಿ ಹರಿಯುತ್ತಿರುತ್ತಾಳೆ. ಅದಕ್ಕಿಂತ ಒಳ್ಳೆಯ ಕಾವಲು ಬೇಕಾ?

ಮುಂದಿನ ಸಂಚಿಕೆಗೂ ಹಕ್ಕಿ ಚಿತ್ರ ಕಳಿಸಿ. ಜೊತೆಗೆ ಊರು, ತಿಂಗಳು ಬರೆಯಿರಿ. ಸ್ವಲ್ಪ ಮಸುಕಾಗಿದ್ದರೂ ನಡೆಯುತ್ತದೆ. ಹಕ್ಕಿಯ ಹೆಸರು ಗೊತ್ತಿಲ್ಲದಿದ್ದರೆ ಸುಮ್ನೆ ಹಾಗೇ ಕಳಿಸಿ, ಸಮಿತಿಯವರೆಲ್ಲ ಕೂತು ಜಗಳ ಆಡಿಯಾದರೂ ಪತ್ತೆ ಹಚ್ಚುತ್ತೇವೆ.

– ಸಂಪಾದಕ